ಅವರು ನಿಮಗೇನಾಗಬೇಕು?

ಮುಂದಿನ ಸೀಟಿನ ಹೆಂಗಸಿನ ತುರುಬಿನಲ್ಲಿ ಜೋಳದ ರವದಿಯ ಚೂರೊಂದು ಸಿಕ್ಕಿಕೊಂಡಿದೆ, ಮೇವು ಹೊತ್ತು ಹಾಕಿ ಹಾಗೆಯೇ ಬಸ್ಸು ಹತ್ತಿರಬೇಕು, ತೆಗೆಯಲೋ ಬೇಡವೋ ಎಂದು ಇಂದ್ರಾಬಾಯಿಯ ಬೆರಳು ಎರಡು ಸಲ ಮೇಲೆದ್ದು ಎರಡು ಸಲವೂ ಮಡಿಲಿಗೆ ಇಳಿಯಿತು, ಡ್ಯೂಟಿ ಮೇಲಿದ್ದರೆ ಕೇಳದೆಯೇ ತೆಗೆದುಬಿಡುತ್ತಿದ್ದಳು, ಹೆಗಲಿಗೆ ಚೀಲ, ಕೈಯಲ್ಲಿ ಟಿಕೆಟ್ ಮಷೀನು ಇದ್ದರೆ ಎಂಥವರನ್ನೂ ಮುಟ್ಟುವ ಹಕ್ಕು ತಾನಾಗಿಯೇ ಬರುತ್ತದೆ, ಯವ್ವಾ ಒಳಗ ಸರೀಬೇ, ಯಪ್ಪಾ ಕಾಲ ತಗೋ, ಕೂಸಿನ ತಲಿ ಸಂಭಾಳಸ್ರಿ — ಈಗ ಅವಳು ಬರೀ ಕಿಟಕಿ ಬದಿಯ ಒಬ್ಬ ಹೆಂಗಸು, ಇಂಡಿಯಿಂದ ಬಸವನ ಬಾಗೇವಾಡಿಗೆ ಹೆಂಗಸರಿಗೆ ಪುಕ್ಕಟೆಯ ಒಂದು ಸೊನ್ನೆ ಟಿಕೆಟ್. ಟಿಕೆಟ್ ಕೊಟ್ಟ ತಬ್ರೇಜ ಅವಳದೇ ಡಿಪೋದ ಕಂಡಕ್ಟರ್, ಏನ್ರಿ ಇಂದ್ರಾಬಾಯಕ್ಕಾ, ಬಾಗೇವಾಡ್ಯಾಗ ಏನ ಕೆಲಸ ತಗದೀರಿ, ದವಾಖಾನಿಗಿ ಹೊಂಟೇನಪಾ, ಯಾಕ್ರಿ ಏನಾಗೇತಿ, ಮೊಣಕಾಲ ನೋವು ಎಂದಳು, ಮೊಣಕಾಲು ಒಳ್ಳೆಯ ಜಾಗ, ಎಲ್ಲರಿಗೂ ಅರ್ಥವಾಗುತ್ತದೆ, ಎಣ್ಣಿ ಕಾಸಿ ತಿಕ್ರಿ ಎನ್ನುತ್ತಾರೆ, ಮುಂದಕ್ಕೆ ಹೋಗುತ್ತಾರೆ, ತಬ್ರೇಜನೂ ಹಾಗೆಯೇ ಅಂದು ಬಾಗಿಲಿಗೆ ಹೋಗಿ ಪೀಪಿ ಬಾಯಿಗಿಟ್ಟು ಎರಡು ಸಲ ಊದಿದ, ಒಂದು ಊದಿದರೆ ನಿಲ್ಲು, ಎರಡು ಊದಿದರೆ ಹೊರಡು, ಲೋಕದಲ್ಲಿ ಇದಕ್ಕಿಂತ ಸರಳವಾದ ಭಾಷೆ ಇನ್ನೊಂದಿಲ್ಲ, ಆದರೂ ಅವಳು ಸೆರಗಿನಿಂದ ಕಿವಿ ಮುಚ್ಚಿಕೊಂಡಳು, ಏಳು ತಿಂಗಳಾಯಿತು, ಇನ್ನೂ ಕೇಳಲಾಗುವುದಿಲ್ಲ. ಶ್ರಾವಣದ ಒಂದು ಸೋಮವಾರ ಅವಳ ಡ್ರೈವರು ಮಾಳಿಂಗ ಗಾಡಿಯನ್ನು ರಸ್ತೆಯ ಎಡಕ್ಕೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಸ್ಟಿಯರಿಂಗಿನ ಮೇಲೆ ತಲೆಯಿಟ್ಟ, ಅಷ್ಟೆ. ಒಂಬತ್ತು ವರ್ಷ ಇಬ್ಬರದೂ ಇದೇ ದಾರಿ, ಇಂಡಿ, ಸಿಂದಗಿ, ದೇವರ ಹಿಪ್ಪರಗಿ, ಬಾಗೇವಾಡಿ, ಮುದ್ದೇಬಿಹಾಳ, ಅಲ್ಲಿ ಊಟ, ಮತ್ತೆ ಅದೇ ದಾರಿಯಲ್ಲಿ ವಾಪಸ್ಸು, ಸಾಲೋಟಗಿ ಕಡೆಯ ಕುರಿಗಾರರ ಮನೆಯವನು, ನಮ್ಮ ಮನಿತನದಾಗ ಎಲ್ಲಾರೂ ನಡದ ಸತ್ತಾರ, ನಾ ಒಬ್ಬಾಂವ ಕುಂತ ಗಳಸಾಂವ ಎನ್ನುತ್ತಿದ್ದ, ರಸ್ತೆಗೆ ಕುರಿಹಿಂಡು ಬಂದರೆ ಹಾರ್ನ್ ಹಾಕದೆ ಕಿಟಕಿಯಿಂದ ತಲೆ ಹೊರಗೆ ಹಾಕಿ ನಾಲಿಗೆಯಿಂದ ಟ್ರ್ರ್ ಟ್ರ್ರ್ ಅನ್ನುತ್ತಿದ್ದ, ಹಿಂಡು ಎರಡು ಪಾಲಾಗಿ ದಾರಿ ಬಿಡುತ್ತಿತ್ತು, ಬಸ್ಸೆಲ್ಲ ನಗುತ್ತಿತ್ತು — ಅವನನ್ನು ಮಣ್ಣು ಮಾಡಿದ ಮೂರನೆಯ ದಿನ ಬೇರೆ ಡ್ರೈವರಿನ ಗಾಡಿ ಹತ್ತಿ, ಇಂಡಿ ಬಸ್‌ಸ್ಟ್ಯಾಂಡಿನಲ್ಲಿ ಪೀಪಿ ಬಾಯಿಗಿಟ್ಟಳು, ಉಸಿರು ಬರಲಿಲ್ಲ. ಗಾಳಿ ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಅರವತ್ತು ಜನ ತಿರುಗಿ ನೋಡುತ್ತಿದ್ದಾರೆ, ಯಾಕ ನಿಂತೇತ್ರಿ ಗಾಡಿ, ಅವಳು ಬಾಯಲ್ಲಿ ಪೀಪಿ ಹಿಡಿದು ಕಣ್ಣೀರು ಸುರಿಸುತ್ತ ನಿಂತಿದ್ದಾಳೆ, ಕೊನೆಗೆ ಯಾರೋ ಮುದುಕ ರೈಟ್ ರೈಟ್ ಎಂದು ಕೂಗಿ ಗಾಡಿ ಬಿಡಿಸಿದ.

ಡಿಪೋದ ಸಾಹೇಬರು ಒಳ್ಳೆಯವರು, ಬೈಯಲಿಲ್ಲ, ಟಿಕೆಟ್ ಮಷೀನುಗಳನ್ನು ಚಾರ್ಜಿಗೆ ಹಾಕುವ ಕೋಣೆಯಲ್ಲಿ ಕೂರಿಸಿದರು, ಡಾಕ್ಟರಿಗೆ ತೋರಸ್ರಿ ಅಂದರು, ಹಾಗೆ ಶುರುವಾಯಿತು ಇದು, ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ. ಇಂಡಿಯಲ್ಲಿ ವಾರಕ್ಕೊಮ್ಮೆ ಬರುವ ಮನೋರೋಗದ ಡಾಕ್ಟರು, ದಣಿದ ಕಣ್ಣಿನ ಮನುಷ್ಯ, ಅವರ ಮುಂದೆ ಕೂತಾಗ ಅವಳ ಬೆನ್ನ ಹಿಂದೆಯೇ ಸಾಲು, ಸಾಲಿನ ಮೊದಲ ಹೆಂಗಸಿನ ಉಸಿರು ಕುತ್ತಿಗೆಗೆ ತಾಗುತ್ತಿತ್ತು, ನಿದ್ದಿ ಬರ್ತೈತೇನು, ಇಲ್ರಿ, ಊಟ, ಸೇರೂದಿಲ್ರಿ, ಮನೆಯಲ್ಲಿ ಯಾರಾದರೂ ತೀರಿಕೊಂಡರಾ, ಮನ್ಯಾಗ ಅಲ್ರಿ, ನಮ್ಮ ಡ್ರೈವರು, ಅವರು ಬರೆಯುತ್ತಿದ್ದ ಪೆನ್ನು ನಿಲ್ಲಿಸಿ, ನಿಮಗೇನಾಗಬೇಕು ಅವರು — ಅದೇ ಪ್ರಶ್ನೆ, ಅದನ್ನು ಮೊದಲು ಕೇಳಿದ್ದು ಬಾಗೇವಾಡಿಯ ಆಸ್ಪತ್ರೆಯಲ್ಲಿ, ಮಾಳಿಂಗನನ್ನು ಯಾರದೋ ತರಕಾರಿ ಗಾಡಿಯಲ್ಲಿ ಹಾಕಿಕೊಂಡು ಅವನ ತಲೆ ತೊಡೆಯ ಮೇಲಿಟ್ಟುಕೊಂಡು ತಂದಿದ್ದಳಲ್ಲ, ನರ್ಸು ಕಾಗದ ಹಿಡಿದು, ಅವರು ನಿಮಗೇನಾಗಬೇಕ್ರಿ, ಕಂಡಕ್ಟರ್ ಅಂದಳು ಇವಳು, ನಿಮ್ಮ ಕೆಲಸ ಅಲ್ರೀ, ಅವರಿಗೆ ನೀವು ಏನಾಗಬೇಕು, ಅಂದಳು, ಕನ್ನಡದಲ್ಲಿ ಅಷ್ಟು ನಂಟಸ್ತನದ ಹೆಸರುಗಳಿವೆ, ಅತ್ತಿ ಮಾಂವ ನೆಗೆಣ್ಣಿ ಷಡ್ಡಕ, ಇದಕ್ಕೊಂದು ಇಲ್ಲ, ನರ್ಸು ಪಾಪ ಕಾಗದವನ್ನು ಮಡಚಿ, ಮನೀಯವರು ಬರಲಿ, ನೀವು ಹೊರಗ ಕುಂಡ್ರಿ ಎಂದಳು, ಹೊರಗಿನ ಬೆಂಚಿನ ಮೇಲೆ ಅವಳು ಕೂತಳು, ಸೀರೆಯ ತೊಡೆಯ ಭಾಗದಲ್ಲಿ ಅವನ ಬೆವರು ಇನ್ನೂ ಒದ್ದೆಯಾಗಿತ್ತು. ಡಾಕ್ಟರಿಗೆ ಏನು ಹೇಳುವುದು, ಏನೂ ಆಗಬೇಕಾಗಿಲ್ರಿ ಅಂದಳು, ಅವರು ಗುಳಿಗೆ ಬರೆದರು, ಪುಣ್ಯಾತ್ಮ ಒಂದು ಮಾತು ಮಾತ್ರ ಸತ್ಯ ಹೇಳಿದರು, ಇದಕ್ಕೆ ಗುಳಿಗೆ ಅಷ್ಟೇ ಸಾಲದು ತಾಯಿ, ಕೂತು ಮಾತಾಡೋರು ಬೇಕು, ನನಗೆ ಪುರಸೊತ್ತಿಲ್ಲ, ಹಿಂದೆ ಸಾಲು ನೋಡಿ. ಗುಳಿಗೆ ನುಂಗಿದ ನಿದ್ದೆ ನಿದ್ದೆಯಲ್ಲ, ಗೋಣಿಚೀಲದಲ್ಲಿ ಹಾಕಿ ಬಾಯಿ ಹೊಲಿದಂತೆ, ಎದ್ದರೆ ಚೀಲದ ಒಳಗೂ ಅದೇ, ಹೊರಗೂ ಅದೇ.

ಸಿಂದಗಿ ಬಂತು, ತಬ್ರೇಜ ಸಿಂದಗಿ ಸಿಂದಗಿ ಎಂದು ಕೂಗುತ್ತಿದ್ದಾನೆ, ರವದಿಯ ಹೆಂಗಸು ಇಳಿದು ಹೋದಳು, ಚೂರು ತುರುಬಿನಲ್ಲಿಯೇ ಹೋಯಿತು. ಮನೆಯಲ್ಲಿ ಯಾರಿಗೂ ಹೇಳಿಲ್ಲ ಈ ಸಲ, ಹೇಳಿದರೆ ಅತ್ತೆ ಶೆಟ್ಟೆವ್ವ ಮತ್ತೆ ಶುರು ಮಾಡುತ್ತಾಳೆ, ಕೆಟ್ಟವಳಲ್ಲ, ಲಚ್ಯಾಣದ ಮಠಕ್ಕೆ ಕರೆದುಕೊಂಡು ಹೋಗಿ ಹಣೆಗೆ ಅಂಗಾರದ ಬೂದಿ ಹಚ್ಚಿಸಿದಳು, ಹಾದಿಯುದ್ದಕ್ಕೂ ಬಿಸಿಲಿಗೆ ಸೆರಗು ಹಿಡಿದಳು, ಆದರೆ ಮನೆಗೆ ಬಂದು ಉಣ್ಣಲು ಕರೆದಾಗ ಇವಳು ಬ್ಯಾಡ ಅಂದದ್ದಕ್ಕೆ, ಮಂದಿ ಗಂಡಸು ಸತ್ತರ ನಮ್ಮ ಮನ್ಯಾಗ ಯಾಕಬೇ ಸೂತಕ, ಅಂದುಬಿಟ್ಟಳು, ಅಂದವಳೇ ತಾನೇ ಗಾಬರಿಯಾಗಿ ಸಾರಿನ ಪಾತ್ರೆಯೊಳಗೆ ನೋಡುತ್ತ ಕೂತಳು. ಗಂಡ ಚಂದಪ್ಪ ಕೋರ್ಟಿನಲ್ಲಿ ಜವಾನ, ದಿನವಿಡೀ ಬೇರೆಯವರ ಹೆಸರು ಕೂಗುವ ಕೆಲಸ, ಮನೆಯಲ್ಲಿ ಹೆಚ್ಚು ಮಾತಿಲ್ಲ, ಮೊದಲಿಗೆ ಸತ್ತವರ ಸಂಗಾಟ ಸಾಯಾಕ ಬರ್ತೈತೇನು ಎಂದ, ತಿಂಗಳಾದ ಮೇಲೆ ಒಂದು ಸಂಜೆ ಚಹಾದ ಕಪ್ಪು ಕೆಳಗಿಟ್ಟು, ಸಿಟ್ಟಿಲ್ಲದೆ, ನಿಜವಾಗಿ ತಿಳಿದುಕೊಳ್ಳಬೇಕು ಎನ್ನುವವನ ಹಾಗೆ, ನಾ ಸತ್ತರ ಇಷ್ಟ ಅಳ್ತೀಯೇನು ಎಂದು ಕೇಳಿದ — ಅಳ್ತೇನಿ ಎಂದು ಕೂಡಲೇ ಅನ್ನಬೇಕಿತ್ತು, ಅಂದಳು ಕೂಡ, ಆದರೆ ನಡುವೆ ಒಂದು ಗುಟುಕು ಚಹಾ ಕುಡಿಯುವಷ್ಟು ಹೊತ್ತು ಹೋಯಿತು, ಆ ಒಂದು ಗುಟುಕನ್ನು ಅವನೂ ಕಂಡ, ಅಂದಿನಿಂದ ಅವನು ಅವಳ ಕಡೆ ಬೆನ್ನು ಮಾಡಿಯೇ ಅಂಗಿ ಬಿಚ್ಚುತ್ತಾನೆ, ಅವನದೇನು ತಪ್ಪು, ಅವನಿಗೂ ಹೆಸರು ಬೇಕು, ಹೆಸರು ಕೂಗಿದರೆ ತಾನೇ ಯಾರಾದರೂ ಕಟಕಟೆಗೆ ಬರುವುದು.

ಆಮೇಲೆ ಫೋನಿನವಳು. ಮನಸ್ಸಿನ ನೋವು ಕೇಳುವವರು ಮೊಬೈಲಿನಲ್ಲಿಯೇ ಸಿಗುತ್ತಾರಂತೆ, ಯಾರಿಗೂ ಗೊತ್ತಾಗೂದಿಲ್ಲ ಎಂದು ಯಾರೋ ಹೇಳಿದ್ದಕ್ಕೆ ಮಾಳಿಗೆ ಮೇಲೆ ಒಣಹಾಕಿದ ಮೆಣಸಿನಕಾಯಿಯ ನಡುವೆ ಕೂತು ಮಾತಾಡಿದಳು, ಬೆಂಗಳೂರಿನ ಕಡೆಯ ದನಿ, ಮೆತ್ತಗೆ, ತಿಂಗಳ ಕೂಸಿಗೆ ಮಾತಾಡಿದಂತೆ, ಹೇಳಿ ಮೇಡಂ ನಿಮಗೆ ಹೇಗೆ ಫೀಲ್ ಆಗ್ತಾ ಇದೆ, ಹೊಟ್ಟಿ ಕಿತ್ತ ಬರ್ತೈತ್ರಿ, ಓಹ್ ಗ್ಯಾಸ್ಟ್ರಿಕ್ ಪ್ರಾಬ್ಲಮ್ ಏನಾದ್ರೂ ಇದೆಯಾ, ಅಲ್ರಿ ಹಂಗಲ್ಲ, ಜೀವ ಕಳವಳಸ್ತೈತಿ, ಮಂದ್ಯಾಗ ನಿಂತರ ಎದಿ ಖಾಲಿ ಖಾಲಿ, ಆಯ್ತು ಮೇಡಂ, ಒಂದರಿಂದ ಹತ್ತರೊಳಗೆ ಎಷ್ಟು ಅಂತ ಹೇಳ್ತೀರಾ — ಎಷ್ಟಂತ ಹೇಳುವುದು, ಅವಳು ಎದುರಿಗಿದ್ದ ಮೆಣಸಿನಕಾಯಿಯನ್ನು ನೋಡುತ್ತ ಆರು ಅಂದಳು, ಯಾಕೆ ಆರು ಎಂದು ಅವಳಿಗೇ ಗೊತ್ತಿಲ್ಲ. ಮೂರನೆಯ ಸಲ ಆ ಹುಡುಗಿ ಬಹಳ ನಯವಾಗಿ, ಜಡ್ಜ್ ಮಾಡ್ತಾ ಇಲ್ಲ ಮೇಡಂ, ನಿಮ್ಮಿಬ್ಬರ ಮಧ್ಯೆ ಅಫೇರ್ ಥರ ಏನಾದ್ರೂ ಇತ್ತಾ ಎಂದಳು, ಇವಳು ಫೋನು ಕಿವಿಯಿಂದ ತೆಗೆದು ನೋಡಿದಳು, ಗಾಜಿನ ಮೇಲೆ ಕೆನ್ನೆಯ ಬೆವರು, ಒತ್ತಿ ಆರಿಸಿದಳು, ಕೈಗೆ ಮೆಣಸಿನಕಾಯಿ ತಾಗಿತ್ತು, ಅದೇ ಕೈಯಲ್ಲಿ ಕಣ್ಣೊರೆಸಿಕೊಂಡು ಉರಿಗೆ ಅತ್ತಳು, ಅಂದು ಅಳುವುದಕ್ಕೆ ಒಂದು ಕಾರಣವಾದರೂ ಸಿಕ್ಕಿತು, ಕೆಳಗಿನಿಂದ ಶೆಟ್ಟೆವ್ವ ಖಾರ ಹತ್ತೇತೇನಬೇ ಎಂದು ಕೂಗಿದಾಗ ಹೌದತ್ತಿ ಎಂದು ಸುಳ್ಳಿಲ್ಲದೆ ಉತ್ತರ ಕೊಟ್ಟಳು.

ಮುದ್ದೇಬಿಹಾಳದ ಸರ್ ಒಬ್ಬರು ರಿಟೈರ್ ಆದ ಲೆಕ್ಚರರು, ಮನೆಯ ಮುಂದಿನ ಕೋಣೆಗೆ ಆಪ್ತ ಸಮಾಲೋಚಕರು ಎಂದು ಬೋರ್ಡು, ಅವರಲ್ಲಿಗೆ ಹೋಗಲು ಈ ದಾರಿ ಬಿಟ್ಟು ವಿಜಯಪುರದ ಮೇಲೆ ಹಾಯ್ದು ಸುತ್ತಿ ಹೋಗುತ್ತಿದ್ದಳು, ಹಿಪ್ಪರಗಿ ದಾಟಿದ ಮೇಲೆ ಮಾಳಿಂಗ ಗಾಡಿ ನಿಲ್ಲಿಸಿದ ಆ ಜಾಗ ಕಣ್ಣಿಗೆ ಬೀಳಬಾರದೆಂದು ಎರಡು ತಾಸಿನ ಹೆಚ್ಚಿನ ದಾರಿ, ಮೂರು ವಾರ ಹೋದಳು. ಬಾಗಿಲು ತೆರೆದೇ ಇರುತ್ತಿತ್ತು, ಪರದೆ ಹಾರಿದಾಗಲೆಲ್ಲ ಹೊರಗೆ ಕೂತವರ ಮೊಣಕಾಲು ಕಾಣುತ್ತಿದ್ದವು, ಒಳಗೆ ಸರ್ ಮಾತಾಡುತ್ತಿದ್ದರು, ಅವರೇ, ಪೂರಾ ತಾಸು, ಮರೆವು ದೇವರು ಕೊಟ್ಟ ವರ, ಹರಿಯುವ ನೀರನ್ನು ನೋಡಿ, ನನ್ನ ಒಬ್ಬ ಶಿಷ್ಯ ಇದ್ದ, ಅವನ ಕಥೆ ಕೇಳಿ, ಅವಳು ಹೌದ್ರಿ ಹೌದ್ರಿ ಎನ್ನುತ್ತ ಅವರಿಗೆ ನೋವಾಗದ ಹಾಗೆ ತಲೆ ಆಡಿಸುತ್ತಿದ್ದಳು, ಮನೆಗೆ ಬಂದ ಮೇಲೆ ಅವರ ಶಿಷ್ಯನ ದುಃಖವೂ ಸೇರಿ ಭಾರ ಹೆಚ್ಚಾಗುತ್ತಿತ್ತು. ಮೂರನೆಯ ವಾರ ಅವರು ಒಂದು ಉಪಾಯ ಕೊಟ್ಟರು, ನೋಡ್ರಿ ತಾಯಿ, ಸಂಬಂಧ ಏನಂತ ಗೊತ್ತಿಲ್ಲದ್ದಕ್ಕ ಮನಸ್ಸು ಒದ್ದಾಡತೈತಿ, ಅಣ್ಣ ಅಂತ ತಿಳ್ಕೊಂಡಬಿಡ್ರಿ, ಅಣ್ಣ ತೀರಿಕೊಂಡಾನ ಅಂತ ಮನಸಾರೆ ಅತ್ತಬಿಡ್ರಿ, ಯಾರೂ ಏನೂ ಅನ್ನೂದಿಲ್ಲ. ಒಳ್ಳೆಯ ಮಾತು, ಎಂಟು ದಿನ ಪ್ರಯತ್ನಪಟ್ಟಳು, ರೊಟ್ಟಿ ಬಡಿಯುತ್ತ ಅಣ್ಣ ಅಂದಳು, ಬಾವಿಗಟ್ಟೆಯ ಹತ್ತಿರ ಅಣ್ಣ ಅಂದಳು, ಬೇರೆಯವರ ಕುಪ್ಪಸ ಹಾಕಿಕೊಂಡ ಹಾಗೆ, ತೋಳಲ್ಲಿ ಬಿಗಿ, ಬೆನ್ನಲ್ಲಿ ಸಡಿಲು, ಒಂಬತ್ತು ವರ್ಷ ಅವನು ಕಂಡಕ್ಟರ್ರ ಎಂದು ಕರೆದ, ಅವಳು ಡ್ರೈವರ್ರ ಎಂದು ಕರೆದಳು, ಊಟಕ್ಕೆ ಕೂತಾಗಲೂ, ಅವನ ಮಗಳ ಮದುವೆಯಲ್ಲಿ ಅವಳು ಆರತಿ ಹಿಡಿದಾಗಲೂ, ಕಂಡಕ್ಟರ್ರ ಉಂಡ ಹೋಗ್ರಿ, ಡ್ರೈವರ್ರ ನೀವೂ ಉಣ್ರಿ — ಸತ್ತ ಮೇಲೆ ಅವನಿಗೆ ಅಣ್ಣನ ಅಂಗಿ ತೊಡಿಸಿದರೆ ಅವನೇ ನಕ್ಕಾನು, ನಾಕನೆಯ ವಾರ ಅವಳು ಹೋಗಲಿಲ್ಲ. ತನ್ನೊಳಗೇ ಏನೋ ಸೊಟ್ಟಗಿದೆ ಅನ್ನಿಸಿತು, ಇಷ್ಟು ಜನ ಕೈ ಹಾಕಿದರೂ ತೆರೆಯದ ಬಾಗಿಲೆಂದರೆ ಕೆಟ್ಟದ್ದು ಬಾಗಿಲೇ ಇರಬೇಕು.

ಹಾಗೆಂದು ನಾಜಿಮಾಳ ಮುಂದೆ ಅಂದಳು, ಚಾರ್ಜಿಂಗ್ ಕೋಣೆಯಲ್ಲಿ, ಮಷೀನು ತೆಗೆದುಕೊಳ್ಳಲು ಬಂದ ನಾಜಿಮಾ, ಹತ್ತು ವರ್ಷ ಜೊತೆಗೆ ದುಡಿದವಳು, ಗಂಡ ತೀರಿದ ಮೇಲೆ ಎರಡು ವರ್ಷ ಒಂದೂ ಮಾತಿಲ್ಲದೆ ಇದ್ದು ಆಮೇಲೆ ಒಂದು ದಿನ ನಗುತ್ತ ಡ್ಯೂಟಿಗೆ ಬಂದವಳು, ಅವಳು ಸೊಂಟಕ್ಕೆ ಕೈಯಿಟ್ಟು, ಹುಚ್ಚಿ, ಚಪ್ಪಲಿ ತಗೋಬೇಕಾದ್ರ ನಾಕ ಜೋಡ ಹಾಕಿ ನೋಡೂದಿಲ್ಲೇನು, ಕಚ್ಚಿದ್ರ ಕಾಲ ಕೊಯ್ಕೋತೀಯೇನು, ಬಾಗೇವಾಡ್ಯಾಗ ಸಗೀರಾ ಅಂತ ಅದಾಳ, ಧಾರವಾಡದಾಗ ಇದನ್ನಽ ಕಲತ ಬಂದಾಕಿ, ನಾ ಹೋಗಿದ್ದೆ, ಯಾರಿಗೂ ಹೇಳಿಲ್ಲ, ಒಮ್ಮಿ ಹೋಗು, ಹೊಂದಲಿಲ್ಲಂದ್ರ ಬಿಡು. ಬಾಗೇವಾಡಿ ಬ್ಯಾಡ ನಾಜಿಮಾ. ಯಾಕ. ಹಾದಿ. ನಾಜಿಮಾ ಮಷೀನಿನ ವೈರು ಸುತ್ತುತ್ತ ನಿಂತಳು, ಹಾದಿ ಅಲ್ಲೇ ಇರ್ತೈತೆವ್ವಾ, ನೀ ಹೋಗಲಿಲ್ಲಂದ್ರೂ, ಎಂದು ಮೆಲ್ಲಗೆ ಅಂದು ಹೋದಳು. ಹೋಗಲು ಮತ್ತೂ ಒಂದು ತಿಂಗಳು ಬೇಕಾಯಿತು.

ದೇವರ ಹಿಪ್ಪರಗಿ ಹಿಂದೆ ಬಿತ್ತು. ಈಗ ಬರುತ್ತದೆ, ಇನ್ನು ಹತ್ತು ಮಿನಿಟು, ಕೈಗಳು ಎದುರಿನ ಕಂಬಿಯನ್ನು ಹಿಡಿದಿವೆ, ಕಣ್ಣು ಮುಚ್ಚಿಕೊಳ್ಳಬೇಕೆಂದು ಮನೆಯಿಂದಲೇ ನಿರ್ಧಾರ ಮಾಡಿಕೊಂಡು ಬಂದಿದ್ದಳು, ಮುಚ್ಚಲಿಲ್ಲ, ನೋಡುತ್ತ ಕೂತಳು, ಅಂದು ಎಡಗಡೆ ತೊಗರಿ ಮೊಣಕಾಲೆತ್ತರ ಹಸಿರಾಗಿತ್ತು, ಒಂದು ಕಲ್ಲಿತ್ತು, ಮಳೆ ಬಂದು ನಿಂತು ರಸ್ತೆ ಅಂಚಿನ ಕರಿಮಣ್ಣಿನಲ್ಲಿ ಗಾಲಿ ಅರ್ಧ ಹೂತಿತ್ತು — ಈಗ ತೊಗರಿ ಕೊಯ್ದು ಎಷ್ಟೋ ದಿನ, ಹೊಲ ಪೂರಾ ಬರಿ ಕೂಳೆ, ಬಿರುಕು ಬಿಟ್ಟ ಕರಿನೆಲ, ಒಂದು ಹೊಲದ ಹಾಗೆಯೇ ಇನ್ನೊಂದು, ಇದೇನಾ, ಇಲ್ಲ ಮುಂದಿನದು, ಅದೋ ಕಲ್ಲು, ಅಂಥ ಕಲ್ಲು ನಾಲ್ಕು ಹೋದವು, ಅವಳು ಕಿಟಕಿಯಿಂದ ಹೊರಗೆ ಕುತ್ತಿಗೆ ಚಾಚಿದಳು, ಯಕ್ಕಾ ತಲಿ ಒಳಗ ತಗೋರಿ ಎಂದ ತಬ್ರೇಜ, ತೆಗೆದುಕೊಂಡಳು. ಆಮೇಲೆ ಬಾಗೇವಾಡಿಯ ಮೊದಲ ಮನೆಗಳು ಬಂದುಬಿಟ್ಟವು. ಏಳು ತಿಂಗಳು ಅಂಜಿ ಸುತ್ತಿ ಬಳಸಿ ತಿರುಗಿದ ಜಾಗ ಅವಳಿಗೆ ಗುರುತೇ ಸಿಗಲಿಲ್ಲ, ಎಲ್ಲಿ ದಾಟಿತೋ, ಅವನು ಕೊನೆಗೆ ಗಾಡಿ ನಿಲ್ಲಿಸಿದ ನೆಲ ಅವಳಿಗೆ ಹೇಳದೆಯೇ ಹೊಲದೊಳಗೆ ಸೇರಿಕೊಂಡಿತ್ತು, ಅದು ಕಂಡಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಚಷ್ಮಾ ಅಂಗಡಿಯ ಮೇಲೆ, ಹದಿನಾಲ್ಕು ಮೆಟ್ಟಿಲು, ಸಗೀರಾ, ಬುಧವಾರ ಮತ್ತು ಶನಿವಾರ, ಎಂದಷ್ಟೇ ಬರೆದ ಸಣ್ಣ ಹಲಗೆ, ಹೊರಗೆ ಒಂದು ಜೋಡಿ ಚಪ್ಪಲಿ, ಮರಳಿ ಹೋಗುವ ಬಸ್ಸು ಎಷ್ಟೊತ್ತಿಗಿದೆ ಎಂದು ಅವಳಿಗೆ ಬಾಯಿಪಾಠ, ಈಗಲೇ ಇಳಿದರೆ ಸಿಗುತ್ತದೆ, ಅಷ್ಟರಲ್ಲಿ ಬಾಗಿಲು ತೆರೆದು, ಬರ್ರಿ, ಇಂದ್ರಾಬಾಯಿ ಅಂದ್ರ ನೀವಽ ಏನ್ರಿ, ಬಿಸಲಾಗ ಬಂದೀರಿ, ಒಳಗ ಬರ್ರಿ. ನಲವತ್ತರ ಹೆಂಗಸು, ತಲೆಯ ಮೇಲಿನ ದುಪ್ಪಟ್ಟಾದ ಅಂಚಿನಲ್ಲಿ ಬಿಳಿಕೂದಲು, ಬಾಗಿಲು ಮುಚ್ಚಿದಳು, ಚಿಲಕ ಹಾಕಲೋ ಬ್ಯಾಡೋ ಎಂದು ಕೇಳಿದಳು, ಇದನ್ನು ಇದುವರೆಗೆ ಯಾರೂ ಕೇಳಿರಲಿಲ್ಲ, ಹಾಕ್ರಿ ಅಂದಳು ಇವಳು. ಎರಡು ಖುರ್ಚಿ, ಎರಡೂ ಒಂದೇ ಎತ್ತರ, ನಡುವೆ ಮೇಜಿಲ್ಲ. ಇಲ್ಲಿ ಆಡಿದ ಮಾತು ಇಲ್ಲೇ ಇರ್ತಾವ, ನನ್ನ ಸಂಗಾಟ ಹೊಂದೂದಿಲ್ಲ ಅನಸಿದ್ರ ಬಾಯಿಬಿಟ್ಟ ಹೇಳ್ರಿ, ನನಗ ಸಿಟ್ಟ ಬರೂದಿಲ್ಲ, ಬ್ಯಾರೆ ಯಾರ ಹಂತ್ಯಾಕ ಹೋಗಬೇಕಂತ ನಾನಽ ಹೇಳ್ತೇನಿ. ಇಂದ್ರಾಬಾಯಿ ಹೂಂ ಅಂದಳು, ಆಮೇಲೆ ಕಲ್ಲೆಸೆಯುವವರ ಹಾಗೆ ತಾನೇ ಮೊದಲು ಎಸೆದಳು, ಒಬ್ಬರು ತೀರಿಕೊಂಡಾರ್ರಿ, ನಮ್ಮ ಡ್ರೈವರು, ನನಗ ಏನೂ ಆಗಬೇಕಾಗಿರಲಿಲ್ಲ, ಅಣ್ಣ ಅಲ್ಲ, ಮತ್ತೊಂದೂ ಅಲ್ಲ, ಅದನ್ನ ಕೇಳಬ್ಯಾಡ್ರಿ. ಸಗೀರಾ ಕೇಳಲಿಲ್ಲ. ಕೆಳಗೆ ಅಂಗಡಿಯಲ್ಲಿ ಯಾರೋ ದೂರದ ಅಕ್ಷರಗಳನ್ನು ಒಂದೊಂದಾಗಿ ಓದುತ್ತಿದ್ದರು, ಅ, ರ, ಟ, ಕಾಣೂದಿಲ್ರಿ. ಆಮೇಲೆ ಸಗೀರಾ, ಅವರ ಗಾಡ್ಯಾಗ ನೀವು ಎಲ್ಲಿ ನಿಂದ್ರತಿದ್ರಿ, ಅಂದಳು.

ಎಲ್ಲಿ ನಿಲ್ಲುತ್ತಿದ್ದಳು, ಎಲ್ಲಿ ಎಂದರೆ, ಮೊದಲ ಕಂಬದ ಹತ್ತಿರ ರೀ, ಕಂಡಕ್ಟರ್ ಸೀಟು ಹಿಂದೆ, ಅಲ್ಲಿ ಕೂತರೆ ಸೊಂಟ ಮುರಿಯುತ್ತಿತ್ತು, ಟಿಕೆಟ್ ಆದ ಮೇಲೆ ಮುಂದೆ ಬಂದು ಆ ಕಂಬಕ್ಕೆ ಭುಜ ಕೊಡುತ್ತಿದ್ದಳು, ಅಲ್ಲಿಂದ ಅವನ ಕುತ್ತಿಗೆ ಕಾಣುತ್ತದೆ, ಬಲಗಿವಿಯ ಹಿಂದೆ ಒಂದು ಮಚ್ಚೆ, ಮೇಲೆ ಒಳಗನ್ನಡಿ, ಮಾತು ಹೊರಟಿತು, ತಾನು ಆಡುತ್ತಿದ್ದಾಳೋ ನೆನೆಯುತ್ತಿದ್ದಾಳೋ ಅವಳಿಗೆ ತಿಳಿಯಲಿಲ್ಲ, ಹೆಣ್ಣು ಕಂಡಕ್ಟರಿಗೆ ಆ ದಾರಿಯಲ್ಲಿ ಹೋಗಿಬರಲು ಜಾಗವಿಲ್ಲ ರೀ, ನಿಮಗ ತಿಳೀತೈತಿ, ಮೊದಲ ವರ್ಷ ನೀರೇ ಕುಡಿಯಲಿಲ್ಲ, ಮುಂಜಾನೆಯಿಂದ ಮುದ್ದೇಬಿಹಾಳದವರೆಗೆ ಒಂದು ಗುಟುಕಿಲ್ಲ, ಮೂತ್ರದಲ್ಲಿ ಹರಳಾಗಿ ಒಂದು ಸಲ ಗಾಡಿಯಲ್ಲಿಯೇ ಕುಸಿದಳು, ಅವನು ಏನೂ ಕೇಳಲಿಲ್ಲ, ಎರಡನೆಯ ದಿನ ಹಿಪ್ಪರಗಿ ದಾಟಿ ಕೆನಾಲಿನ ಹತ್ತಿರ ಜಾಲಿಕಂಟಿ ದಟ್ಟವಾಗಿರುವಲ್ಲಿ ಗಾಡಿ ನಿಲ್ಲಿಸಿ, ಗಾಡಿ ಬಿಸಿ ಆಗೇತ್ರಿ, ಐದ ಮಿನಿಟ, ಯಾರೂ ಇಳೀಬ್ಯಾಡ್ರಿ ಎಂದು ಕೂಗಿದ, ಇಳಿದು ಮುಂದಿನ ಮುಚ್ಚಳ ತೆರೆದು ಕಂಟಿಗೆ ಬೆನ್ನು ಮಾಡಿ ನಿಂತು ತಣ್ಣಗಿದ್ದ ಎಂಜಿನ್ನಿಗೆ ನೀರು ಹೊಯ್ಯುತ್ತಿದ್ದ, ಅವಳಿಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು, ತಿಳಿದಾಗ ಇಳಿದು ಹೋದಳು. ಅಂದಿನಿಂದ ಎಂಟು ವರ್ಷ ರೀ. ಹಳೇ ಗಾಡಿ ಹೋಗಿ ಹೊಸ ಗಾಡಿ ಬಂತು, ಅದೂ ಅಲ್ಲಿಯೇ ಬಿಸಿಯಾಗುತ್ತಿತ್ತು, ಪ್ಯಾಸೆಂಜರು ಸರ್ಕಾರಕ್ಕೆ ಬೈಯುತ್ತಿದ್ದರು, ಮುಂದೆ ಮುಂದೆ ಹಿಪ್ಪರಗಿಯಲ್ಲಿಯೇ ಕನ್ನಡಿಯೊಳಗೆ ಹುಬ್ಬು ಏರಿಸಿ ಕೇಳುತ್ತಿದ್ದ, ಬೇಕಾದರೆ ಇವಳು ತಲೆ ಆಡಿಸುವುದು, ಬೇಡವಾದರೆ ಎರಡು ಪೀಪಿ, ಬಾಯಿಂದ ಆ ಮಾತು ಇಬ್ಬರೂ ಎಂದೂ ಆಡಿಲ್ಲ, ಹಡೆದ ತಾಯಿಗೂ ನಾ ದೊಡ್ಡಾಕಿ ಆದ ಮ್ಯಾಲ ಆ ನೆನಪು ಇರಲಿಲ್ಲ ರೀ ನನಗ ನೀರಡಿಕಿ ಆಗತೈತಿ ಅಂತ, ಕಟ್ಟಿಕೊಂಡ ಗಂಡನಿಗೂ, ಅವನಿಗೆ ಇತ್ತು, ಇದಕ್ಕ ಏನಂತಾರ್ರಿ, ಇದಕ್ಕ ಏನ ಹೆಸರ ಐತಿ ಹೇಳ್ರಿ. ಸಗೀರಾಳ ಕಣ್ಣು ತೇವವಾಗಿತ್ತು, ಮುಚ್ಚಿಟ್ಟುಕೊಳ್ಳಲಿಲ್ಲ, ನನಗೂ ಗೊತ್ತಿಲ್ರಿ ಅಂದಳು, ಹೆಸರ ಇಲ್ಲದಿದ್ರೂ ದುಕ್ಕ ಖರೇನಽ ಐತಿ.

ಆಗ ಅದು ಬಂತು, ತಡೆಯಲಾಗಲಿಲ್ಲ, ಆ ಸೋಮವಾರ ಗಾಡಿ ಇಪ್ಪತ್ತು ಮಿನಿಟು ತಡ ರೀ, ಸಾಲಿ ಹುಡುಗರು ಕಾಲಿಡಲು ಜಾಗವಿಲ್ಲದಂತೆ ತುಂಬಿದ್ದರು, ಹಿಪ್ಪರಗಿ ಸ್ಟ್ಯಾಂಡಿನಲ್ಲಿ ಕಂಟ್ರೋಲರು ಬಿಡ್ರಿ ಬಿಡ್ರಿ ಎಂದು ಕೂಗುತ್ತಿದ್ದರು, ಅವನು ಕನ್ನಡಿಯೊಳಗೆ ನೋಡಿದ, ನೋಡಿ, ಒಂಬತ್ತು ವರ್ಷದಲ್ಲಿ ಮೊದಲ ಸಲ ಬಾಯಿಬಿಟ್ಟು, ಕಂಡಕ್ಟರ್ರ, ಗಾಡಿ ಬಿಸಿ ಆಗೇತಿ, ಇಲ್ಲೇ ಐದ ಮಿನಿಟ ನಿಂದ್ರೂಣೇನು, ಅಂದ. ಅವಳು ನನಗಾಗಿ ಕೇಳುತ್ತಿದ್ದಾನೆ ಅಂದುಕೊಂಡಳು. ಅವಳಿಗೆ ಅಂದು ಬೇಕಿರಲಿಲ್ಲ. ನಾಚಿಕೆಯೂ ಆಯಿತು, ಇಷ್ಟು ಜನರ ಮುಂದೆ ಬಾಯಿಬಿಟ್ಟು ಕೇಳುತ್ತಾರಾ ಎಂದು, ನಗುತ್ತ, ಇವತ್ತ ಏನೂ ಬ್ಯಾಡ್ರಿ ಡ್ರೈವರ್ರ, ತಡಾ ಆಗೇತಿ, ಹೊಡೀರಿ, ಅಂದಳು, ಪೀಪಿ ಬಾಯಿಗಿಟ್ಟು ಎರಡು ಸಲ ಊದಿದಳು. ಅಂವ ತನಗಾಗಿ ಕೇಳಿದ್ದ ರೀ. ತನಗ ಕೇಳಾಕ ಅಂವಗ ಬ್ಯಾರೆ ಮಾತ ಗೊತ್ತಿರಲಿಲ್ಲ, ನನ್ನ ಮಾತಿನೊಳಗಽ ಕೇಳಿದ, ಒಂಬತ್ತು ವರ್ಷದಾಗ ಒಮ್ಮೆ ಕೇಳಿದ, ಹಿಪ್ಪರಗ್ಯಾಗ ದವಾಖಾನಿ ಇತ್ತು, ಹತ್ತ ಹೆಜ್ಜಿ ಮ್ಯಾಲ ಇತ್ತು. ಅವನ ಹೆಂಡತಿ ರೇಣುಕಾ ಮಣ್ಣಿನ ದಿನ ಇವಳ ಎರಡೂ ಕೈ ಹಿಡಿದು, ಕಡೀಕ ಏನಂದ್ರಬೇ ನಮ್ಮವರು, ನೀವಽ ಇದ್ರಲ್ಲ, ಎಂದು ಕೇಳಿದಳು, ನಿಮ್ಮ ಹೆಸರ ತಗೊಂಡ್ರು ಎಂದಳು ಇವಳು, ರೇಣುಕಾ ಆ ಸುಳ್ಳನ್ನು ಎದೆಗವಚಿಕೊಂಡು ಅತ್ತಳು, ಈಗಲೂ ಅದರ ಮೇಲೆಯೇ ಬದುಕಿದ್ದಾಳೆ, ಅದನ್ನು ಕಿತ್ತುಕೊಳ್ಳಲಾಗದು, ಆದ್ದರಿಂದ ಆ ಐದು ಮಿನಿಟು ಲೋಕದಲ್ಲಿ ಯಾರಿಗೂ ಗೊತ್ತಿಲ್ಲ, ಇವಳಿಗೆ ಬಿಟ್ಟರೆ, ಈಗ ಈ ಹೆಂಗಸಿಗೆ. ತಪ್ಪು ನಿಮ್ಮದಲ್ಲ ಎಂದು ಸಗೀರಾ ಅನ್ನುತ್ತಾಳೆ ಎಂದು ಕಾದಳು, ಅಂದರೆ ಎದ್ದು ಹೋಗುವುದೆಂದು ಸೆರಗು ಕೂಡ ಸರಿಮಾಡಿಕೊಂಡಳು, ಸಗೀರಾ ಅನ್ನಲಿಲ್ಲ, ಗಡಿಯಾರದ ಕಡೆ ನೋಡಲಿಲ್ಲ, ಒಬ್ಬರಽ ಹೊತಗೊಂಡ ಅಡ್ಡಾಡೀರಿ ಇದನ್ನ, ಅಂದಳು, ಮುಂದಿನ ಬುಧವಾರನೂ ನಾ ಇಲ್ಲೇ ಇರ್ತೇನಿ, ಅದರ ಮುಂದಿನ ಬುಧವಾರನೂ, ಅವಸರ ಇಲ್ಲ, ಇವತ್ತ ನಿಮ್ಮ ಕೈಲಿ ಆದ್ರ ಅಷ್ಟಽ — ಅವರು ಕೇಳಿದಾಗ ಕನ್ನಡ್ಯಾಗ ಅವರ ಮುಖ ಹ್ಯಾಂಗಿತ್ತು.

ಬರುತ್ತಾಳೆ, ಮುಂದಿನ ಬುಧವಾರ ಬರುತ್ತಾಳೆ, ಅದು ಅವಳಿಗೆ ಗೊತ್ತಾಯಿತು, ಗೊತ್ತಾದದ್ದಕ್ಕೆ ಸಮಾಧಾನವೇನೂ ಆಗಲಿಲ್ಲ, ಎದೆ ಇನ್ನಷ್ಟು ಹರಿಯಿತು, ಕನ್ನಡಿ, ಏಳು ತಿಂಗಳು ಅದರ ತನಕ ಹೋಗಿ ಹೋಗಿ ಮರಳಿದ್ದಾಳೆ, ಧ್ವನಿ ನೆನಪಿದೆ, ಮಾತು ನೆನಪಿದೆ, ಮುಖ ಮಾತ್ರ ಬೇಡ ಎಂದು ಪಕ್ಕಕ್ಕೆ ತಿರುಗಿದ್ದಾಳೆ, ಈಗ ತಿರುಗಲಿಲ್ಲ, ಗೇಣುದ್ದದ ಕನ್ನಡಿ, ಮೂಲೆಯಲ್ಲಿ ಒಡಕು, ಹುಡುಗರ ಗದ್ದಲ, ಕಂಟ್ರೋಲರ ಕೂಗು, ಪೀಪಿ ಅವಳ ತುಟಿಯ ಹತ್ತಿರ, ಅವಳು ನಗುತ್ತಿದ್ದಾಳೆ, ಕನ್ನಡಿಯಲ್ಲಿ ಹಣೆ, ಹಣೆಯ ಮೇಲೆ ಬೆವರು, ಎರಡು ಕಣ್ಣು, ಹುಬ್ಬು ಏರಿರಲಿಲ್ಲ ರೀ — ದಿನಾ ಏರಿಸುತ್ತಿದ್ದ, ಅಂದು ಏರಿರಲಿಲ್ಲ, ಕೇಳುತ್ತಿರಲಿಲ್ಲ ಆ ಕಣ್ಣು, ಬೇಡುತ್ತಿದ್ದವು, ಅವಳು ತಲೆ ಆಡಿಸಲಿ ಎಂದು ಕಾಯುತ್ತಿದ್ದವು, ಕನ್ನಡಿಯಲ್ಲಿ ಎರಡು ಕಣ್ಣು, ಹುಬ್ಬು ಏರಿಲ್ಲ, ಕಾಯುತ್ತಿವೆ, ಎರಡು ಕಣ್ಣು, ಅವಳನ್ನೇ ನೋಡುತ್ತ —